ಬೀಡಿಯ ಮಣ್ಣು, ಗಾಲಿಯ ನಡುಕ

ನನ್ನ ಊರು ಬೀಡಿ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ಅಷ್ಟೂ ವರ್ಷ, ಈ ಮಾತು ಹೇಳಿದಾಗಲೆಲ್ಲ ಎದುರಿನವರು ಒಮ್ಮೆ ನಕ್ಕೇ ಮುಂದಿನ ಮಾತಿಗೆ ಬರುತ್ತಿದ್ದರು. ‘ಹಂಗಾದ್ರ ಕಡ್ಡಿಪೆಟ್ಟಿಗಿ ಯಾವ ಊರ್ರೀ?’ ಎಂದು ಕೇಳಿದ ಮ್ಯಾನೇಜರರೂ ಇದ್ದರು. ಸೇದುವ ಬೀಡಿಗೂ ನಮ್ಮೂರಿಗೂ ಸಂಬಂಧವಿಲ್ಲ. ಬೆಳಗಾವಿ ಜಿಲ್ಲೆ ಖಾನಾಪುರ ತಾಲ್ಲೂಕಿನ ಒಂದು ಹೋಬಳಿ ಊರು ಅದು. ತಾಲ್ಲೂಕಿನ ಪಶ್ಚಿಮಕ್ಕೆ ಸಹ್ಯಾದ್ರಿಯ ಕಾಡು, ಕಣಕುಂಬಿಯ ಜಡಿಮಳೆ. ಪೂರ್ವಕ್ಕೆ ಬಂದಂತೆ ಮಳೆಯೂ ಕಾಡೂ ತೆಳುವಾಗುತ್ತ, ಬೀಡಿಯ ಹೊತ್ತಿಗೆ ಬತ್ತ, ಕಬ್ಬಿನ ಹೊಲಗಳು ಕಾಣುತ್ತವೆ. ಮನೆಮಾತು ಕನ್ನಡವಾದರೂ ಸಂತೆಯಲ್ಲಿ ಮರಾಠಿಯೂ ಸರಾಗ.

ಅಪ್ಪ, ಅವ್ವ ಇಲ್ಲ. ಮನೆಯಲ್ಲಿ ಅಕ್ಕ ಇದ್ದಾಳೆ, ನನಗಿಂತ ಆರು ವರ್ಷ ದೊಡ್ಡವಳು. ನಾನು ಬೆಳಗಾವಿಯ ಟಿಳಕವಾಡಿಯಲ್ಲಿ ಮಗನ ಸಂಸಾರದೊಂದಿಗೆ ಇದ್ದೇನೆ. ಎರಡು ತಿಂಗಳಿಗೊಮ್ಮೆ ಆದರೂ ನಮ್ಮ ಹಳೆಯ ಸಣ್ಣ ಕಾರು ಹೊಡೆದುಕೊಂಡು ಅಕ್ಕನ ಮುಖ ನೋಡಿ ಬರುವುದು ನಿವೃತ್ತಿಯ ನಂತರ ನಾನು ಹಾಕಿಕೊಂಡ ನೇಮ. ಆ ನೇಮಕ್ಕೇ ಕುತ್ತು ಬಂದದ್ದು ಕಳೆದ ವರ್ಷ.

ಪಂಚಮಿ ಹಬ್ಬಕ್ಕೆ ಹೋಗಿದ್ದೆ. ಜೋಕಾಲಿ ಕಟ್ಟುವ ಹಬ್ಬ. ಆದರೆ ಆ ಸಲ ಮಳೆ ಬಿಡಲೇ ಇಲ್ಲ. ಕಾರನ್ನು ಹಿತ್ತಲ ಪಕ್ಕದ ಬಯಲಲ್ಲಿ ನಿಲ್ಲಿಸಿದ್ದೆ. ಬೆಳಿಗ್ಗೆ ನೋಡಿದರೆ ಅರ್ಧ ಗಾಲಿ ಕೆಸರಿನಲ್ಲಿ. ಓಣಿಯ ನಾಲ್ಕು ಹುಡುಗರು ನೂಕಿ ಮೇಲಕ್ಕೆ ತಂದರು. ಬೆಳಗಾವಿಗೆ ಬಂದು ಕಾರು ತೊಳೆಸಿದೆ, ಮರೆತೆ.

ಮರುತಿಂಗಳು ಧಾರವಾಡದಲ್ಲಿ ನೆಂಟರ ಮನೆಯ ತೊಟ್ಟಿಲ ಕಾರ್ಯಕ್ಕೆ ಹೊರಟೆವು. ಊರೊಳಗೆ ಎಲ್ಲ ಸರಿಯಿತ್ತು. ಹೆದ್ದಾರಿ ಹತ್ತಿ ವೇಗ ಎಪ್ಪತ್ತೈದು ದಾಟಿದ್ದೇ ತಡ, ಸ್ಟೇರಿಂಗ್ ನನ್ನ ಅಂಗೈಯಲ್ಲಿ ಗುರ್ರೆಂದು ನಡುಗತೊಡಗಿತು. ಕಿವಿಗೆ ‘ಗುಂಯ್’ ಎನ್ನುವ ಸದ್ದು ಬೇರೆ. ವೇಗ ಇಳಿಸಿದರೆ ಎಲ್ಲ ಶಾಂತ. ಪಕ್ಕದಲ್ಲಿ ಕುಳಿತಿದ್ದ ಮಗ ನನ್ನ ಕೈಗಳನ್ನೇ ನೋಡುತ್ತಿದ್ದ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ:

‘ಅಪ್ಪಾ, ನಡಗಾಕತ್ತಿದ್ದು ಗಾಡಿಯೇನ್ರಿ, ನಿಮ್ಮ ಕೈ ಏನ್ರಿ?’

ಅವನು ಕೆಟ್ಟ ಮನಸ್ಸಿನಿಂದ ಕೇಳಲಿಲ್ಲ. ನನಗೆ ಎಪ್ಪತ್ತನಾಲ್ಕು. ಮೊಮ್ಮಗಳು ಹಿಂದಿನ ಸೀಟಿನಲ್ಲಿದ್ದಳು. ಯಾವ ಮಗನಾದರೂ ಕೇಳಬೇಕಾದ ಪ್ರಶ್ನೆಯೇ. ‘ಗಾಡಿನೇ ಮಾರಾಯಾ’ ಎಂದು ನಕ್ಕೆ. ಆದರೆ ಆ ರಾತ್ರಿ ಎಲ್ಲರೂ ಮಲಗಿದ ಮೇಲೆ ಒಂದು ಹಾಳೆ ತೆಗೆದು, ಹಿಂದೆ ಲೆಡ್ಜರಿನಲ್ಲಿ ಬರೆಯುತ್ತಿದ್ದಂತೆ ಒಂದರ ಕೆಳಗೊಂದು ಅಂಕಿ ಬರೆಯುತ್ತ ಹೋದೆ. ಮೂರನೆಯ ಸಾಲಿನಲ್ಲಿ 7ರ ಬಾಲ ಸ್ವಲ್ಪ ಅಲುಗಿದಂತೆ ಕಂಡಿತು. ಮೊದಲೂ ಹಾಗೇ ಇತ್ತೋ, ಈಗ ಶುರುವಾಯಿತೋ ಗೊತ್ತಾಗಲಿಲ್ಲ. ಹಾಳೆಯನ್ನು ಹರಿದು ಹಾಕಿದೆ.

ಮರುದಿನ ಕಾರನ್ನು ಒಂದು ಗ್ಯಾರೇಜಿಗೆ ಒಯ್ದೆ. ನಡುಗುತ್ತದೆ ಎಂದಷ್ಟೇ ಹೇಳಿದೆ. ಯಾವಾಗ, ಎಲ್ಲಿ ಎಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಎಂಜಿನ್ ಕೆಳಗಿನ ರಬ್ಬರ್ ಮೌಂಟಿಂಗ್ ಸವೆದಿದೆ ಎಂದು ಬದಲಾಯಿಸಿದರು. ನಾಲ್ಕಂಕಿಯ ಬಿಲ್ಲು. ಹೆದ್ದಾರಿಗೆ ಒಯ್ದೆ, ನಡುಕ ಇದ್ದಲ್ಲೇ ಇತ್ತು.

ಆಗ ನನಗೆ ನನ್ನ ಮೇಲೇ ಸಿಟ್ಟು ಬಂತು. ಬ್ಯಾಂಕಿನಲ್ಲಿ ದಿನದ ಲೆಕ್ಕ ತಾಳೆಯಾಗದಿದ್ದರೆ ನಾವು ಹೀಗೆ ಕಂಡದ್ದನ್ನೆಲ್ಲ ತಿದ್ದುತ್ತಿದ್ದೆವೇ? ಮೊದಲು ವ್ಯತ್ಯಾಸದ ಮುಖ ನೋಡುತ್ತಿದ್ದೆವು. ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಯಾರೋ ಅಂಕಿ ಹಿಂದುಮುಂದು ಬರೆದಿರಬಹುದು. 54ರ ಬದಲು 45 ಬರೆದರೆ ವ್ಯತ್ಯಾಸ 9. ವ್ಯತ್ಯಾಸದ ಸರಿ ಅರ್ಧದ ಮೊತ್ತ ಎಲ್ಲಾದರೂ ಸಿಕ್ಕರೆ, ಜಮೆಗೆ ಹೋಗಬೇಕಾದದ್ದು ಖರ್ಚಿನ ಕಡೆಗೆ ಹೋಗಿರಬಹುದು. ತಪ್ಪು ತನ್ನ ಗುರುತು ಬಿಟ್ಟೇ ಹೋಗುತ್ತದೆ. ಆ ಗುರುತು ಓದಿದ ಮೇಲೇ ಲೆಡ್ಜರು ತೆಗೆಯಬೇಕು. ಕಾರಿನ ನಡುಕಕ್ಕೂ ಅಂಥದೇ ಗುರುತು ಇರಲೇಬೇಕು.

ಪರಿಚಯದ ಇಬ್ಬರು ಮೆಕ್ಯಾನಿಕ್‌ಗಳನ್ನು ಚಹಾಕ್ಕೆ ಕೂಡಿಸಿ ಕೇಳಿದೆ. ಏಳನೆಯ ತರಗತಿಯ ಮೊಮ್ಮಗಳು ತನ್ನ ಹಳೆಯ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಆ ಪುಟ ಹೀಗಿತ್ತು:

ಒಂದು: ಯಾವ ವೇಗಕ್ಕೆ ಶುರು? ಎಪ್ಪತ್ತೈದರಿಂದ ತೊಂಬತ್ತೈದರ ನಡುವೆ ಮಾತ್ರ ನಡುಗಿ, ಆಮೇಲೆ ಕಡಿಮೆಯಾದರೆ ಗಾಲಿಯ ಬ್ಯಾಲೆನ್ಸ್ ತಪ್ಪಿರಬಹುದು. ಇಪ್ಪತ್ತು, ಮೂವತ್ತರಲ್ಲೇ ಕುಣಿದರೆ ಟೈರು ಉಬ್ಬಿದೆಯೋ, ರಿಮ್ಮು ಸೊಟ್ಟಗಾಗಿದೆಯೋ ನೋಡಬೇಕು.

ಎರಡು: ಎಲ್ಲಿ ನಡುಕ? ಸ್ಟೇರಿಂಗಿನಲ್ಲಾದರೆ ಮುಂದಿನ ಗಾಲಿ. ಸೀಟಿನಲ್ಲಿ, ಕಾಲ ಕೆಳಗೆ ಆದರೆ ಹಿಂದಿನ ಗಾಲಿ.

ಮೂರು: ಬ್ರೇಕ್ ಒತ್ತಿದಾಗ ಮಾತ್ರವೇ? ಹಾಗಾದರೆ ಬ್ರೇಕಿನ ಡಿಸ್ಕ್ ಏರುಪೇರಾಗಿದೆ.

ನಾಲ್ಕು: ಆಕ್ಸಿಲರೇಟರ್ ಒತ್ತಿದಾಗ ಹೆಚ್ಚಿ, ಕಾಲು ತೆಗೆದರೆ ಕಡಿಮೆಯೇ? ಹಾಗಾದರೆ ಡ್ರೈವ್ ಶಾಫ್ಟಿನ ಜಾಯಿಂಟು, ಇಲ್ಲವೇ ಎಂಜಿನ್ ಮೌಂಟಿಂಗ್. ತಿರುವಿನಲ್ಲಿ ‘ಟಕ್ ಟಕ್’ ಎಂದರೂ ಜಾಯಿಂಟನ್ನೇ ನೋಡಬೇಕು.

ಐದು: ನಿಂತ ಕಾರಿನ ಎಂಜಿನ್ ರೇಸ್ ಮಾಡಿದರೆ ನಡುಗುತ್ತದೆಯೇ? ನಡುಗಿದರೆ ಎಂಜಿನ್ನಿನ ಕಡೆಯ ದೋಷ. ಇಲ್ಲವಾದರೆ ಗಾಲಿಯ ಕಡೆಯದು.

ಆರು: ‘ಹೂಂ’ ಎನ್ನುವ ಸದ್ದು ವೇಗದೊಂದಿಗೆ ಏರುತ್ತ, ಎಡಕ್ಕೋ ಬಲಕ್ಕೋ ಸ್ವಲ್ಪ ಹೊರಳಿದಾಗ ಬದಲಾದರೆ ಗಾಲಿಯ ಬೇರಿಂಗ್. ಡಾಂಬರಿನಿಂದ ಕಾಂಕ್ರೀಟಿಗೆ ಬಂದಾಗ ಬದಲಾದರೆ ಟೈರಿನ ಸದ್ದು. ಗಾಳಿ ಬೀಸಿದಂತೆ ಸುಂಯ್‌ಗುಟ್ಟಿದರೆ ಬಾಗಿಲಿನ ರಬ್ಬರು.

‘ಅಜ್ಜಾ, ಇದು ಪರೀಕ್ಷಾದ ಪ್ರಶ್ನಪತ್ರಿಕಿ ಆತು. ಉತ್ತರ ಯಾವಾಗ ಬರಿಯೂದು?’ ಎಂದಳು.

ದಸರಾ ರಜೆಯಲ್ಲಿ ಬರೆಯೋಣ ಎಂದೆ. ಅಕ್ಕನೂ ಕರೆಯುತ್ತಿದ್ದಳು.

ಬೆಳಗಾವಿಯಿಂದ ಬೀಡಿಗೆ ಎರಡು ದಾರಿ. ಒಂದು ಖಾನಾಪುರ, ನಂದಗಡದ ಮೇಲೆ. ಮರ, ತಿರುವು, ಊರುಗಳ ನಡುವೆ ನಿಧಾನವಾಗಿ ಹೋಗುವ ದಾರಿ. ಇನ್ನೊಂದು ಧಾರವಾಡದ ಹೆದ್ದಾರಿಯಲ್ಲಿ ಕಿತ್ತೂರಿನವರೆಗೆ ಹೋಗಿ, ಅಲ್ಲಿಂದ ಪಶ್ಚಿಮಕ್ಕೆ ಹೊರಳುವ ದಾರಿ. ನಾನು ಸಾಮಾನ್ಯವಾಗಿ ಖಾನಾಪುರದ ಮೇಲೆಯೇ ಹೋಗುವವನು. ನಡುಕ ಕಾಣಿಸಿಕೊಳ್ಳುವುದು ವೇಗದಲ್ಲಿ ಮಾತ್ರ. ಆದ್ದರಿಂದ ಹೋಗುವಾಗ ಕಿತ್ತೂರಿನ ದಾರಿ, ಬರುವಾಗ ಖಾನಾಪುರದ ದಾರಿ ಎಂದು ಮಗ ನಿರ್ಧರಿಸಿದ. ಹೊರಡುವ ಮೊದಲು ಕಾರು ನಿಲ್ಲಿಸಿಯೇ ಎಂಜಿನ್ ರೇಸ್ ಮಾಡಿ ನೋಡಿದೆವು. ನಡುಕವಿಲ್ಲ. ಐದನೆಯ ಪ್ರಶ್ನೆಗೆ ಅಂಗಳದಲ್ಲೇ ಉತ್ತರ ಸಿಕ್ಕಿತು.

ಬೆಳಿಗ್ಗೆ ಏಳಕ್ಕೆ ಹೊರಟೆವು. ಹಲಗಾದ ಗುಡ್ಡದ ಮೇಲೆ ಸುವರ್ಣ ವಿಧಾನಸೌಧ ಎಳೆಬಿಸಿಲಿನಲ್ಲಿ ಬೆಳ್ಳಗೆ ನಿಂತಿತ್ತು. 2012ರ ಅಕ್ಟೋಬರ್‌ನಲ್ಲಿ ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಅದನ್ನು ಉದ್ಘಾಟಿಸಿದಾಗ ನಾನೂ ಆ ಸಡಗರ ನೋಡಿದವನೇ. ಅದನ್ನು ದಾಟಿದ ಮೇಲೆ ರಸ್ತೆ ಖಾಲಿ. ನಾನು ನಿಧಾನವಾಗಿ ವೇಗ ಏರಿಸಿದೆ. ಅರವತ್ತು, ಎಪ್ಪತ್ತು, ಏನಿಲ್ಲ. ಎಪ್ಪತ್ತಾರು, ಬಂತು.

‘ನಿನ್ನ ಸೀಟು ನಡಗತೈತೇನವಾ?’ ಎಂದು ಹಿಂದೆ ಕೂತಿದ್ದ ಮೊಮ್ಮಗಳನ್ನು ಕೇಳಿದೆ.

‘ಇಲ್ರೀ ಅಜ್ಜಾ. ನೀರಿನ ಬಾಟ್ಲಿನೂ ಅಲಗಾಡವಲ್ತು.’

ಬರೆದುಕೊಂಡಳು: ಮುಂದಿನ ಗಾಲಿ. ಆಕ್ಸಿಲರೇಟರಿನಿಂದ ಕಾಲು ತೆಗೆದೆ. ವೇಗ ಎಪ್ಪತ್ತೈದರ ಕೆಳಗೆ ಬರುವವರೆಗೂ ನಡುಕ ಹಾಗೇ ಇತ್ತು. ಅಂದರೆ ಜಾಯಿಂಟು, ಮೌಂಟಿಂಗ್ ಅಲ್ಲ. ಮತ್ತೆ ಎಂಬತ್ತಕ್ಕೆ ಏರಿಸಿ, ಹಿಂದೆ ಯಾರೂ ಇಲ್ಲದ್ದು ನೋಡಿ ಬ್ರೇಕನ್ನು ಮೆಲ್ಲಗೆ ಒತ್ತಿದೆ. ನಡುಕ ಹೆಚ್ಚಲಿಲ್ಲ. ಡಿಸ್ಕೂ ಅಲ್ಲ.

ಹಿರೇಬಾಗೇವಾಡಿಯ ಟೋಲ್ ದಾಟಿದ ಮೇಲೆ ಪಕ್ಕಕ್ಕೆ ನಿಲ್ಲಿಸಿದೆ. ನೋಟ್‌ಬುಕ್ಕಿನಲ್ಲಿ ಬರೆಯದ ಏಳನೆಯ ಪ್ರಶ್ನೆಯೊಂದಿತ್ತು. ಅದು ಮಗನಿಗೂ ನನಗೂ ಮಾತ್ರ ಗೊತ್ತು. ‘ಈಗ ನೀನು ಹೊಡಿ’ ಎಂದು ಕೀಲಿಕೈ ಕೊಟ್ಟೆ. ಅವನು ಸೀಟು ಹಿಂದಕ್ಕೆ ಸರಿಸಿಕೊಂಡು ಹೊರಟ. ನಾನು ಕಿಟಕಿಯಾಚೆ ನೋಡುತ್ತ ಕುಳಿತೆ. ಪರೀಕ್ಷೆಯ ಫಲಿತಾಂಶ ಹಚ್ಚುವ ದಿನ ಶಾಲೆಯ ಹೊರಗೆ ನಿಂತಂತೆ ಆಗಿತ್ತು. ವೇಗ ಎಪ್ಪತ್ತೈದು ದಾಟಿತು. ಅವನ ಮೊಣಕೈವರೆಗೂ ನಡುಕ ಕಾಣಿಸಿತು.

‘ಹೌದ್ರಿ ಅಪ್ಪಾ, ಗಾಡಿನೇ’ ಎಂದ. ಮತ್ತೇನೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಮುಂದೆ ಎಂ.ಕೆ. ಹುಬ್ಬಳ್ಳಿ. ಮಲಪ್ರಭೆಯ ಸೇತುವೆ. ಬಸವಣ್ಣನವರ ಪತ್ನಿ ಗಂಗಾಂಬಿಕೆಯವರ ಐಕ್ಯ ಮಂಟಪ ಇಲ್ಲಿ ನದಿಯೊಳಗೇ ಇದೆ. ಇಳಿದು ಕೈಮುಗಿದು ಬಂದೆವು. ಹಗುರಾದ ಮನಸ್ಸಿನಿಂದ ಕಿತ್ತೂರು ಮುಟ್ಟಿದೆವು. ಬೆಳಗಾವಿಯಿಂದ ಇಲ್ಲಿಗೆ ಸುಮಾರು 50 ಕಿಲೊಮೀಟರ್. ರಾಣಿ ಚೆನ್ನಮ್ಮನ ಉತ್ಸವದ ದಿನಗಳು ಹತ್ತಿರವಿದ್ದವು. 1824ರ ಅಕ್ಟೋಬರ್ 23ರಂದು ಇಲ್ಲಿ ಬ್ರಿಟಿಷರ ಸೇನೆ ಸೋತು, ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತದ್ದು ಮೊಮ್ಮಗಳಿಗೆ ಪಾಠದಲ್ಲಿ ಬಂದಿತ್ತು. ಕೋಟೆಯ ಮಣ್ಣಿನ ಗೋಡೆಗಳ ನಡುವೆ ಅರ್ಧ ತಾಸು ಅಡ್ಡಾಡಿ, ಉಪ್ಪಿಟ್ಟು ತಿಂದು ಹೊರಟೆವು. ಈಗ ಮತ್ತೆ ನಾನೇ ಚಾಲಕ.

ಪೇಟೆಯ ಬೀದಿಯಲ್ಲಿ ಕಿಟಕಿ ಇಳಿಸಿಕೊಂಡು ಮೆಲ್ಲಗೆ ಹೋಗುತ್ತಿದ್ದಾಗ ಮೊಮ್ಮಗಳು ಕಿವಿ ಮುಚ್ಚಿಕೊಂಡಳು.

‘ಅಜ್ಜಾ, ಏನದು ಕೀಂಯ್ ಅನ್ನೂದು? ಭಾಳ ಕೆಟ್ಟ ಸದ್ದು.’

‘ಯಾವ ಸದ್ದವಾ?’

‘ಇದ! ಈಗೂ ಬರಾಕತ್ತೈತಿ! ನಿಮಗ ಕೇಳಸೂದಿಲ್ಲೇನ್ರಿ?’

ಮಗ ತಲೆ ಹೊರಗೆ ಹಾಕಿ ಆಲಿಸಿದ. ‘ಸ್ವಲ್ಪ ಬರತೈತ್ರಿ ಅಪ್ಪಾ, ಎಡಗಡೆ’ ಎಂದ. ನಾನು ಕಾರು ನಿಲ್ಲಿಸಿ, ಮತ್ತೆ ಹೊರಡಿಸಿ, ಉಸಿರು ಹಿಡಿದು ಕೇಳಿದೆ. ನನಗೆ ಎಂಜಿನ್ ಕೇಳಿಸಿತು, ಎದುರಿನ ಟ್ರ್ಯಾಕ್ಟರಿನ ಹಾಡು ಕೇಳಿಸಿತು, ಹಣ್ಣು ಮಾರುವವಳ ಕೂಗು ಕೇಳಿಸಿತು. ಆ ‘ಕೀಂಯ್’ ಮಾತ್ರ ಇಲ್ಲ. ಅವರಿಬ್ಬರಿಗೂ ಇದ್ದ ಒಂದು ಸದ್ದು ನನಗೆ ಇರಲೇ ಇಲ್ಲ.

ಬೀಡಿಯವರೆಗೆ ಯಾರೂ ಹೆಚ್ಚು ಮಾತಾಡಲಿಲ್ಲ. ಮಳೆಗಾಲ ಮುಗಿದ ಹೊಲಗಳು ಹಸಿರು ತುಂಬಿ ನಿಂತಿದ್ದವು. ರಸ್ತೆಯ ಇಕ್ಕೆಲದಲ್ಲಿ ಕಬ್ಬು. ಊರು ಹತ್ತಿರವಾದಂತೆ ಕೆಂಪು ಹಂಚಿನ ಮಾಡುಗಳು. ಅಕ್ಕ ಕಟ್ಟೆಯ ಮೇಲೆ ಕುಳಿತು ದಾರಿ ಕಾಯುತ್ತಿದ್ದಳು. ‘ಬಂದ್ಯಾ ತಮ್ಮಾ, ಯಾಕ ಮಾರಿ ಸಣ್ಣದ ಆಗೈತಿ?’ ಎಂದಳು. ಎಂಬತ್ತರ ಕಣ್ಣಿಗೆ ಪೊರೆ ಬಂದಿದ್ದರೂ ನನ್ನ ಮುಖ ಮಾತ್ರ ಅವಳಿಗೆ ಸ್ವಚ್ಛವಾಗಿ ಕಾಣುತ್ತದೆ.

ಊರಿನಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುವ ಹುಡುಗನೊಬ್ಬನಿದ್ದಾನೆ. ಮಗ ಹೋಗಿ ಕರೆತಂದ. ಅವನಿಗೆ ನೋಟ್‌ಬುಕ್ಕು ತೋರಿಸಿದೆವು. ಓದಿ ನಕ್ಕು, ‘ಅರ್ಧಾ ಕೆಲಸ ನೀವ ಮಾಡೀರಲ್ರೀ ಕಾಕಾ’ ಎಂದ. ಎಡಗಡೆ ಮುಂದಿನ ಗಾಲಿಗೆ ಜಾಕ್ ಕೊಟ್ಟು, ಪಾನಾದಿಂದ ನಟ್ಟು ಬಿಚ್ಚಿ, ಗಾಲಿ ಹೊರಗೆಳೆದು ಬೋರಲು ಹಾಕಿದ. ರಿಮ್ಮಿನ ಒಳಮೈಗೆ, ಹೊರಗಿನಿಂದ ಕಾಣದ ಮೂಲೆಯಲ್ಲಿ, ಒಣಗಿ ಕಲ್ಲಾದ ಮಣ್ಣಿನ ಹೆಂಟೆ ಅಂಟಿಕೊಂಡಿತ್ತು. ಪಂಚಮಿಯ ಕೆಸರು! ನನ್ನೂರಿನ ಮಣ್ಣೇ ಎರಡು ತಿಂಗಳಿಂದ ನನ್ನ ಕೈ ನಡುಗಿಸುತ್ತಿತ್ತು.

ನಾನು ನಕ್ಕೆ. ಅವನು ನಗಲಿಲ್ಲ. ಗಾಲಿ ತೆಗೆದ ಜಾಗದಲ್ಲಿ ಬಗ್ಗಿ ನೋಡುತ್ತಿದ್ದ.

‘ಕಾಕಾ, ಇಲ್ನೋಡ್ರಿ. ಬ್ರೇಕ್ ಪ್ಯಾಡ್ ಮುಗದಾವು.’

ಡಿಸ್ಕನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವ ಪ್ಯಾಡುಗಳು ಸವೆದು ತೆಳುವಾಗಿದ್ದವು. ಹೀಗೆ ಸವೆದಾಗ ಎಚ್ಚರಿಸಲಿಕ್ಕೆಂದೇ ಪ್ಯಾಡಿನ ಪಕ್ಕದಲ್ಲಿ ಒಂದು ಸಣ್ಣ ಲೋಹದ ನಾಲಗೆ ಇರುತ್ತದಂತೆ. ಪ್ಯಾಡು ಒಂದು ಮಿತಿಗಿಂತ ತೆಳುವಾದರೆ ಆ ನಾಲಗೆ ಡಿಸ್ಕಿಗೆ ತಾಗಿ ‘ಕೀಂಯ್’ ಎಂದು ಕೂಗುತ್ತದೆ. ‘ಒಂದ ವಾರದಿಂದ ಕೂಗಿರಬೇಕ್ರೀ. ಯಾರಿಗೂ ಕೇಳಸಲಿಲ್ಲೇನು?’ ಎಂದು ಅವನು ಸಹಜವಾಗಿ ಕೇಳಿದ.

ಆ ವಾರದಲ್ಲಿ ನಾನೊಬ್ಬನೇ ಕಾರು ಹೊಡೆದಿದ್ದೆ. ಪೇಟೆಗೆ, ಬ್ಯಾಂಕಿಗೆ, ಎರಡು ಸಲ ಮೊಮ್ಮಗಳ ಶಾಲೆಯ ಹತ್ತಿರ. ಕಾರು ನನ್ನನ್ನು ಕೂಗುತ್ತಲೇ ಇತ್ತು.

ಆ ರಾತ್ರಿ ಅಲ್ಲೇ ಉಳಿದೆವು. ಊಟವಾದ ಮೇಲೆ ಕಟ್ಟೆಯ ಮೇಲೆ ಕುಳಿತಿದ್ದೆವು. ‘ಮೊದಲ ಈ ಹೊತ್ತಿಗೆ ಜೀರುಂಡಿ ಸದ್ದಿಗೆ ಮಾತು ಕೇಳಸತಿರಲಿಲ್ಲ. ಈಗ ಹೊಲಕ್ಕ ಔಷಧ ಹೊಡದು ಹೊಡದು ಎಲ್ಲಾ ಸತ್ತು ಹ್ವಾದುವು’ ಎಂದೆ. ನಾಲ್ಕೈದು ವರ್ಷದಿಂದ ನಾನು ಹೇಳುತ್ತ ಬಂದ ಮಾತದು. ನೆಂಟರ ಮುಂದೆ, ಗೆಳೆಯರ ಮುಂದೆ, ಕಾಲ ಕೆಟ್ಟಿದ್ದಕ್ಕೆ ಸಾಕ್ಷಿಯಾಗಿ ಹೇಳಿದ್ದೆ.

ಮೊಮ್ಮಗಳು ನನ್ನ ಮುಖ ನೋಡಿದಳು. ಬಹಳ ಮೆಲ್ಲಗೆ ಹೇಳಿದಳು: ‘ಅಜ್ಜಾ, ಈಗೂ ಕೂಗಾಕತ್ತಾವ್ರಿ. ಭಾಳ ಅದಾವು.’

ಅಕ್ಕ ಹಿತ್ತಲ ಕಡೆ ತಿರುಗಿ, ‘ಅಯ್ಯ, ರಾತ್ರಿಯೆಲ್ಲಾ ಅದ ಗದ್ಲ’ ಎಂದಳು. ಎಂಬತ್ತರ ಅಕ್ಕನಿಗೂ ಕೇಳಿಸುತ್ತಿತ್ತು. ನಾನು ಕತ್ತಲೆಯ ಕಡೆ ನೋಡುತ್ತ ಕುಳಿತೆ. ಹಿತ್ತಲು ನನಗೆ ಪೂರ್ತಿ ಮೌನವಾಗಿತ್ತು.

ಮರುದಿನ ಗಾಲಿಯ ಮಣ್ಣು ಕೆತ್ತಿ ತೆಗೆದು ಹೊರಟೆವು. ಪ್ಯಾಡು ಇನ್ನೂ ಸ್ವಲ್ಪ ಉಳಿದಿದೆ, ನಿಧಾನಕ್ಕೆ ಹೋಗಿ ಬೆಳಗಾವಿಯಲ್ಲೇ ಮೊದಲ ಕೆಲಸವಾಗಿ ಬದಲಾಯಿಸಿ ಎಂದು ಹುಡುಗ ಹೇಳಿದ್ದ. ಮಗನೇ ಹೊಡೆದ. ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನ ಸಮಾಧಿಯ ಬಳಿ ಇಳಿದೆವು. 1831ರ ಜನವರಿ 26ರಂದು ಅವನನ್ನು ಗಲ್ಲಿಗೇರಿಸಿದ ಊರು ಇದು. ಆಲದ ಮರದ ನೆರಳಿನಲ್ಲಿ ಮಕ್ಕಳಾಗಲಿ ಎಂದು ಹರಕೆ ಹೊತ್ತವರು ಕಟ್ಟಿದ ಪುಟ್ಟ ತೊಟ್ಟಿಲುಗಳನ್ನು ಮೊಮ್ಮಗಳು ಎಣಿಸಿದಳು.

ಖಾನಾಪುರ ಮಣ್ಣಿನ ಊರು. ಇಲ್ಲಿನ ಜೇಡಿ ಹಂಚಿಗೂ ಗಡಿಗೆಗೂ ಹೆಸರಾದದ್ದು. ಗ್ರಾಮೀಣ ಕುಂಬಾರಿಕೆ ಕಲಿಸುವ ಕೇಂದ್ರ ಸಂಸ್ಥೆಯೂ ಇಲ್ಲಿದೆ. ಅಕ್ಕನಿಗೆ ಕೊಟ್ಟ ಮಾತಿನಂತೆ ಒಂದು ನೀರಿನ ಹರವಿ ಕೊಳ್ಳಲು ಕುಂಬಾರರೊಬ್ಬರ ಮನೆ ಮುಂದೆ ನಿಲ್ಲಿಸಿದೆವು. ಹಿರಿಯರು ತಿಗರಿಯ ಮೇಲೆ ಮಣ್ಣಿನ ಮುದ್ದೆ ಇಟ್ಟು ತಿರುಗಿಸುತ್ತಿದ್ದರು. ಮುದ್ದೆ ನಡುವಿನಿಂದ ಒಂದು ಬೆರಳು ಸರಿದಿತ್ತು. ತಿಗರಿ ಮೆಲ್ಲಗೆ ತಿರುಗುವಾಗ ಏನೂ ತಿಳಿಯಲಿಲ್ಲ. ಜೋರಾಗುತ್ತಲೇ ಮುದ್ದೆ ಅವರ ಕೈಯನ್ನು ಆ ಕಡೆ ಈ ಕಡೆ ಎಳೆದಾಡಿತು. ಅವರು ಎರಡೂ ಅಂಗೈಯಿಂದ ಒತ್ತಿ ಹಿಡಿದು ನಡುವಿಗೆ ತಂದರು. ಒಂದು ಕ್ಷಣದಲ್ಲಿ ಎಲ್ಲ ಶಾಂತ. ತಿಗರಿ ತಿರುಗುತ್ತಿದೆಯೋ ನಿಂತಿದೆಯೋ ಎನ್ನುವಷ್ಟು ನಿಶ್ಚಲ.

‘ಅಜ್ಜಾ, ನಮ್ಮ ಗಾಲಿ!’ ಎಂದು ಮೊಮ್ಮಗಳು ಕೂಗಿದಳು.

ಅದೇ. ಹರವಿ ಕಟ್ಟಿಸಿಕೊಳ್ಳುವ ಹೊತ್ತಿಗೆ ನಾವಿಬ್ಬರೂ ಕೂತು ಲೆಕ್ಕ ಹಾಕಿದೆವು. ನೀವೂ ಹಾಕಿ ನೋಡಬಹುದು. ನಮ್ಮ ಕಾರಿನ ಗಾಲಿಯ ಸುತ್ತಳತೆ ಟೇಪು ಹಿಡಿದು ನೋಡಿದರೆ ಸುಮಾರು 1.7 ಮೀಟರ್. ತಾಸಿಗೆ 80 ಕಿಲೊಮೀಟರ್ ಎಂದರೆ ಸೆಕೆಂಡಿಗೆ 22 ಮೀಟರ್. ಅಂದರೆ ಗಾಲಿ ಒಂದು ಸೆಕೆಂಡಿಗೆ 13 ಸುತ್ತು ತಿರುಗುತ್ತದೆ. ರಿಮ್ಮಿನ ಅಂಚಿನಲ್ಲಿ 30 ಗ್ರಾಂ ಮಣ್ಣು ಹೆಚ್ಚಿಗೆ ಇದ್ದರೆ, ಆ ವೇಗದಲ್ಲಿ ಅದು ಗಾಲಿಯನ್ನು ಹೊರಕ್ಕೆ ಎಳೆಯುವ ಬಲ ಸುಮಾರು ಮೂರು ಕಿಲೊ ತೂಕದಷ್ಟು. ಸೆಕೆಂಡಿಗೆ ಹದಿಮೂರು ಸಲ ಮೂರು ಕಿಲೊದ ಸುತ್ತಿಗೆಯಿಂದ ಮೇಲೆ, ಕೆಳಗೆ, ಮುಂದೆ, ಹಿಂದೆ ತಟ್ಟಿದಂತೆ. ನಲವತ್ತರ ವೇಗದಲ್ಲಿ ಈ ಬಲ ಅರ್ಧವಾಗುವುದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟು, ಮೂರು ಪಟ್ಟಾದರೆ ಒಂಬತ್ತು ಪಟ್ಟು. ಆದ್ದರಿಂದಲೇ ಊರೊಳಗೆ ಸುಮ್ಮನಿದ್ದ ಮಣ್ಣು ಹೆದ್ದಾರಿಯಲ್ಲಿ ಮಾತಾಡಿತು.

‘ಮತ್ತ ನೂರರ ಮ್ಯಾಲ ಹ್ವಾದ್ರ ನಡಕ ಕಡಿಮಿ ಆಗತೈತಿ ಅಂದಿದ್ರಲ್ಲಾ ಮೆಕ್ಯಾನಿಕ್ಕು?’ ಎಂದು ಸರಿಯಾದ ಪ್ರಶ್ನೆಯನ್ನೇ ಕೇಳಿದಳು.

ಅದಕ್ಕೆ ಉತ್ತರ ಪಂಚಮಿಯ ಜೋಕಾಲಿಯಲ್ಲಿದೆ. ಜೋಕಾಲಿಗೆ ಅದರದೇ ಒಂದು ಲಯ. ಆ ಲಯಕ್ಕೆ ಸರಿಯಾಗಿ ತೂಗಿದರೆ ಸಣ್ಣ ಮಗು ತೂಗಿದರೂ ಅದು ಆಕಾಶಕ್ಕೆ ಹೋಗುತ್ತದೆ. ಲಯ ತಪ್ಪಿ ಬೇಗ ಬೇಗ ನೂಕಿದರೆ ಎಷ್ಟು ಶಕ್ತಿ ಹಾಕಿದರೂ ಏರುವುದಿಲ್ಲ. ಸ್ಪ್ರಿಂಗಿನ ಮೇಲೆ ಕೂತ ಕಾರಿನ ಗಾಲಿಗೂ ಹಾಗೇ ಸ್ವಂತ ಲಯವಿದೆ. ಗಾಲಿಯ ಸುತ್ತು ಆ ಲಯಕ್ಕೆ ಕೂಡಿದಾಗ ನಡುಕ ಹೆಚ್ಚುತ್ತದೆ, ದಾಟಿದಾಗ ತಗ್ಗುತ್ತದೆ. ಹಾಗೆಂದು ವೇಗ ಹೆಚ್ಚಿಸಿ ನಡುಕ ದಾಟುವುದು ಪರಿಹಾರವಲ್ಲ. ಕಾಣದಿದ್ದರೂ ಎಳೆತ ಬೆಳೆಯುತ್ತಲೇ ಇರುತ್ತದೆ. ಟೈರನ್ನೂ ಬೇರಿಂಗನ್ನೂ ತಿನ್ನುತ್ತಲೇ ಇರುತ್ತದೆ.

ಖಾನಾಪುರದಲ್ಲಿ ಮತ್ತೆ ಮಲಪ್ರಭೆ. ಕಣಕುಂಬಿಯಲ್ಲಿ ಹುಟ್ಟಿ ಇಲ್ಲಿಗೆ ಬಂದು, ಎಂ.ಕೆ. ಹುಬ್ಬಳ್ಳಿಗೆ ಹೋಗುವ ಅದೇ ಹೊಳೆ. ಹೋಗುವಾಗ ಕೆಳಗೆ ದಾಟಿದ್ದನ್ನು ಬರುವಾಗ ಮೇಲೆ ದಾಟಿದೆವು. ಯಾವ ದಾರಿ ಹಿಡಿದರೂ ಬೀಡಿಗೂ ಬೆಳಗಾವಿಗೂ ನಡುವೆ ಅವಳು ಇದ್ದೇ ಇರುತ್ತಾಳೆ.

ಅಲ್ಲಿಂದ ಬೆಳಗಾವಿಗೆ ಸುಮಾರು 26 ಕಿಲೊಮೀಟರ್. ಮಚ್ಛೆ, ಪೀರನವಾಡಿ ದಾಟಿದರೆ ಉದ್ಯಮಬಾಗ. ಎರಕದ ಭಟ್ಟಿಗಳೂ ಲೇತ್ ಯಂತ್ರಗಳೂ ತುಂಬಿದ, ಕಬ್ಬಿಣದ ವಾಸನೆಯ ಬಡಾವಣೆ. ಅಲ್ಲಿ ಮೊದಲು ಮುಂದಿನ ಎರಡೂ ಗಾಲಿಯ ಪ್ಯಾಡು ಹೊಸದು ಹಾಕಿಸಿದೆವು. ಆಮೇಲೆ ಗಾಲಿ ಬ್ಯಾಲೆನ್ಸಿಂಗ್. ಗಾಲಿಯನ್ನು ಯಂತ್ರಕ್ಕೆ ಸಿಕ್ಕಿಸಿ ತಿರುಗಿಸಿದರೆ ಎಲ್ಲಿ ಎಷ್ಟು ಗ್ರಾಂ ಕಡಿಮೆ ಎಂದು ಅಂಕಿಯಲ್ಲಿ ತೋರಿಸುತ್ತದೆ. ಎಡಗಡೆಯ ಗಾಲಿ 25 ತೋರಿಸಿತು. ಹಿಂದೆ ಬಡಿದಿದ್ದ ಸಣ್ಣ ಲೋಹದ ತೂಕ ಎಲ್ಲೋ ಉದುರಿ ಹೋಗಿ, ರಿಮ್ಮಿನ ಮೇಲೆ ಅದರ ಗುರುತಷ್ಟೇ ಉಳಿದಿತ್ತು. ಹೊಸ ತೂಕ ಬಡಿದು ಮತ್ತೆ ತಿರುಗಿಸಿದರು. ಎರಡೂ ಕಡೆ ಸೊನ್ನೆ. ಎಷ್ಟೋ ಸಂಜೆ ಆ ಸೊನ್ನೆಗಾಗಿ ಕಾದು ಕುಳಿತವನಿಗೆ ಅದರ ಸುಖ ಗೊತ್ತು. ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕಂಕಿಯನ್ನು ಓದುವುದನ್ನೂ ಅಲ್ಲಿಯೇ ಕಲಿತೆವು. 2318 ಎಂದಿದ್ದರೆ 2018ರ 23ನೆಯ ವಾರ ತಯಾರಾದದ್ದು. ಟೈರಿನ ಗೀರುಗಳ ಆಳ 1.6 ಮಿಲಿಮೀಟರಿಗೆ ಇಳಿದರೆ ಬದಲಾಯಿಸಲೇಬೇಕು. ಅಷ್ಟು ಎತ್ತರದ ಪುಟ್ಟ ಉಬ್ಬುಗಳು ಗೀರಿನೊಳಗೇ ಇರುತ್ತವೆ. ಟೈರು ಅವುಗಳ ಮಟ್ಟಕ್ಕೆ ಸವೆಯಿತೆಂದರೆ ಮುಗಿಯಿತು.

ಮರುದಿನ ಬೆಳಿಗ್ಗೆ ಹಲಗಾದ ಕಡೆ ಹೋಗಿ ನೋಡಿದೆವು. ಎಂಬತ್ತು. ಸ್ಟೇರಿಂಗಿನ ಮೇಲೆ ಒಂದು ಬೆರಳು ಇಟ್ಟೆ. ಖಾನಾಪುರದ ತಿಗರಿಯಂತೆ ನಿಶ್ಚಲ.

ಮನೆಗೆ ಬಂದು ಕೀಲಿಕೈಯನ್ನು ಗೂಟಕ್ಕೆ ಹಾಕುವ ಮೊದಲು ಮಗನ ಮುಂದೆ ಕುಳಿತೆ. ‘ಕೈ ಗೆದ್ದಿತು, ಕಿವಿ ಸೋತಿತು’ ಎಂದೆ. ಅವನು ಏನೋ ಸಮಾಧಾನ ಹೇಳಲು ಬಂದ. ಬೇಡ ಎಂದೆ. ಲೆಕ್ಕದಲ್ಲಿ ಒಂದು ಕಡೆ ಸರಿ ಬಂತೆಂದು ಇನ್ನೊಂದು ಕಡೆ ಮುಚ್ಚಿಡಲಾಗುವುದಿಲ್ಲ. ಮರುವಾರ ಕಿವಿಯ ವೈದ್ಯರ ಬಳಿ ಹೋದೆ. ವಯಸ್ಸಾದಂತೆ ಮೊದಲು ದೂರವಾಗುವುದು ತೀಕ್ಷ್ಣವಾದ ಸಣ್ಣ ಸ್ವರಗಳೇ ಎಂದರು. ಜೀರುಂಡೆ, ಕುಕ್ಕರಿನ ಸಣ್ಣ ಸಿಳ್ಳು, ಬ್ರೇಕಿನ ನಾಲಗೆ. ಮಾತು ಕೇಳಿಸುತ್ತಲೇ ಇರುವುದರಿಂದ ನಮಗೆ ಕಿವಿ ಸರಿಯಿದೆ ಎನ್ನಿಸುತ್ತದಂತೆ. ಈಗ ಎರಡೂ ಕಿವಿಯಲ್ಲಿ ಪುಟ್ಟ ಯಂತ್ರಗಳಿವೆ.

ನಾವು ಮೂರು ನೇಮ ಮಾಡಿಕೊಂಡಿದ್ದೇವೆ. ರಾತ್ರಿ ನಾನು ಕಾರು ಹೊಡೆಯುವುದಿಲ್ಲ. ಹೆದ್ದಾರಿಗೆ ಮಗ. ಹಗಲಿನಲ್ಲಿ, ಖಾನಾಪುರದ ದಾರಿಯಲ್ಲಿ, ಬೀಡಿಯವರೆಗೆ ನಾನು, ಪಕ್ಕದಲ್ಲಿ ಯಾರಾದರೂ ಒಬ್ಬರು ಇರಬೇಕು. ಮೂರನೆಯದನ್ನು ಪಡೆಯಲಿಕ್ಕಾಗಿಯೇ ಮೊದಲ ಎರಡನ್ನು ನಾನಾಗಿಯೇ ಬಿಟ್ಟುಕೊಟ್ಟೆ.

ಇದನ್ನು ಓದುವ ಮಕ್ಕಳಿಗೆ ಒಂದು ಮಾತು. ಹಿಂದಿನ ಸೀಟಿನಲ್ಲಿ ಕುಳಿತಾಗ ವಿಚಿತ್ರ ಸದ್ದು ಕೇಳಿಸಿದರೆ, ಸೀಟು ನಡುಗಿದರೆ, ದೊಡ್ಡವರಿಗೆ ಗೊತ್ತಿರುತ್ತದೆ ಎಂದು ಸುಮ್ಮನಿರಬೇಡಿ. ಹೇಳಿ. ಅವರಿಗೆ ಅದು ಕೇಳಿಸದೇ ಇರಬಹುದು. ದೊಡ್ಡವರಿಗೂ ಒಂದು ಮಾತು. ಗ್ಯಾರೇಜಿಗೆ ಹೋಗುವ ಮೊದಲು ಯಾವ ವೇಗಕ್ಕೆ, ಎಲ್ಲಿ, ಏನು ಮಾಡಿದಾಗ ಎಂದು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಆ ಹಾಳೆ ನಿಮ್ಮ ದುಡ್ಡನ್ನೂ ಉಳಿಸುತ್ತದೆ, ಕೆಲವು ಸಲ ದುಡ್ಡಿಗಿಂತ ದೊಡ್ಡದನ್ನೂ.

ಕಳೆದ ತಿಂಗಳು ಬೀಡಿಗೆ ಹೋಗಿದ್ದೆ. ರಾತ್ರಿ ಕಟ್ಟೆಯ ಮೇಲೆ ಕುಳಿತು ಕಿವಿಯ ಯಂತ್ರದ ಗುಂಡಿ ಒತ್ತಿದೆ. ಹಿತ್ತಲಿನಿಂದ ಒಮ್ಮೆಲೇ ಜೀರುಂಡೆಗಳ ಗದ್ದಲ. ಐದು ವರ್ಷ ಸುಳ್ಳು ದೂರು ಹೇಳಿದ್ದಕ್ಕೆ ಅವು ನನ್ನನ್ನು ಬೈಯುತ್ತಿರುವಂತೆ ಕೇಳಿಸಿತು. ಅಕ್ಕ ಒಳಗಿನಿಂದ ಕೂಗಿದಳು: ‘ತಮ್ಮಾ, ಥಂಡಿ ಐತಿ, ಒಳಗ ಬಾ.’

‘ಇನ್ನೊಂದು ಸ್ವಲ್ಪ ಕೇಳಿ ಬರತೀನಕ್ಕಾ’ ಎಂದೆ.